ಬೇಸ್‌ಮೆಂಟಿನಲ್ಲಿ ಬಸುರಿ ಉಡ

ಜಯರಾಮು ಯಾರಿಗೂ 'ಆಗಲ್ಲ' ಎಂದವನಲ್ಲ. ಬಗ್ಗಿದವನಿಗೆ ಒಂದು ಗುದ್ದು ಹೆಚ್ಚು ಎನ್ನುತ್ತಾರಲ್ಲ, ಅಮೆರಿಕದ ಈ ಹ್ಯಾರಿಸನ್ ಊರಿನ ನಮ್ಮ ಕನ್ನಡದವರ ಪೈಕಿ ಆ ಗುದ್ದುಗಳೆಲ್ಲ ಅವನಿಗೇ ಮೀಸಲು. ಯಾರದೋ ಮನೆಯ ಹೀಟರ್ ಕೆಟ್ಟರೆ ಜಯರಾಮು, ಯಾರದೋ ಅತ್ತೆಯನ್ನು ಏರ್‌ಪೋರ್ಟಿನಿಂದ ಕರೆತರಬೇಕಾದರೆ ಜಯರಾಮು. ಮದ್ದೂರಿನ ಕಡೆಯವನು, ಐವತ್ತು ದಾಟಿದವನು. ಒಂದು ಆಸ್ಪತ್ರೆಯ ಬಾಯ್ಲರ್ ನೋಡಿಕೊಳ್ಳುವುದು ಅವನ ಕೆಲಸ. ೨೦೦೮ರ ಕೊನೆಯಲ್ಲಿ ಆಸ್ಪತ್ರೆಯವರು ಅವನ ಜೊತೆಯವರಲ್ಲಿ ಅರ್ಧ ಜನರನ್ನು ಮನೆಗೆ ಕಳಿಸಿ, ಅವರ ಪಾಳಿಗಳನ್ನೂ ಇವನ ಹೆಗಲಿಗೇ ಏರಿಸಿದರು. 'ಕೆಲಸ ಉಳೀತಲ್ಲ, ಸಾಕು' ಎಂದು ಅದನ್ನೂ ಹೊತ್ತುಕೊಂಡ. ನನಗೆ ಅವನ ಮೇಲೆ ಸಿಟ್ಟು ಬರುತ್ತಿತ್ತು. ಇದ್ದ ಕೆಲಸ ಕಳೆದುಕೊಂಡು ಪಕ್ಕದ ಬೀದಿಯ ಮನೆಯಲ್ಲಿ ಸುಮ್ಮನೆ ಕೂತಿದ್ದ ನನಗೆ ಸಿಟ್ಟು ಮಾಡಿಕೊಳ್ಳಲು ಪುರುಸೊತ್ತೂ ಬೇಕಾದಷ್ಟಿತ್ತು.

ಅವನದು ಎರಡು ಸಂಸಾರ ಇರಬಹುದಾದ ಹಳೇ ಮನೆ. ಕೆಳಗೆ ಅವನು, ಅವನ ಹೆಂಡತಿ ನಳಿನಾಕ್ಷಿ. ಪಕ್ಕದ ಮೆಟ್ಟಿಲು ಹತ್ತಿದರೆ ಮೇಲೆ ಬಾಡಿಗೆಗೆ ಸುಜಿತ್, ಮಂಗಳೂರಿನವನು, ಮ್ಯಾನ್‌ಹ್ಯಾಟನ್ನಿನ ಒಂದು ಬ್ಯಾಂಕಿನಲ್ಲಿದ್ದ. ಬ್ಯಾಂಕು ಮುಳುಗಿತು, ಅದರ ಹಿಂದೆಯೇ ವೀಸಾ ಹೋಯಿತು, ಸುಜಿತ್ ಊರಿಗೆ ಗಂಟು ಕಟ್ಟಿದ. ಹೊರಡುವ ದಿನ ಜಯರಾಮುವನ್ನು ಮೇಲೆ ಕರೆದು ಒಂದು ಗಾಜಿನ ತೊಟ್ಟಿ ತೋರಿಸಿದನಂತೆ. ಒಳಗೆ ಎರಡು ಉಡ. ನಮ್ಮ ಗದ್ದೆಯ ಬದುವಿನಲ್ಲಿ ಕಾಣುವ ಜಾತಿಯಲ್ಲ, ಆಫ್ರಿಕಾದ್ದು. ಇಲ್ಲಿ ಸಾಕುವುದಕ್ಕೆಂದೇ ಮಾರುತ್ತಾರೆ.

"ಅಂಕಲ್, ಇವನ್ನು ಫ್ಲೈಟಲ್ಲಿ ತಕೊಂಡು ಹೋಗ್ಲಿಕ್ಕೆ ಬಿಡುದಿಲ್ಲ. ಜಸ್ಟ್ ಒಂದು ತಿಂಗಳು ನೋಡಿಕೊಳ್ಳಿ. ನನ್ನ ಫ್ರೆಂಡ್ ಬಂದು ಪಿಕಪ್ ಮಾಡ್ತಾನೆ."

ಯಾವ ಫ್ರೆಂಡೂ ಬರಲಿಲ್ಲ. ದಿಕ್ಕಿಲ್ಲದ ಪ್ರಾಣಿಗಳನ್ನು ನೋಡಿಕೊಳ್ಳುವ ಕೇಂದ್ರಗಳಿಗೆಲ್ಲ ಜಯರಾಮು ಫೋನ್ ಮಾಡಿದ. ಎಲ್ಲ ಕಡೆ ಜಾಗ ಭರ್ತಿ. ಮನೆ ಕಳೆದುಕೊಂಡ ಜನ ನಾಯಿ, ಬೆಕ್ಕು, ಆಮೆ, ಹಾವು ಎಲ್ಲವನ್ನೂ ಅಲ್ಲಿ ತಂದು ಬಿಟ್ಟು ಹೋಗುತ್ತಿದ್ದ ಚಳಿಗಾಲ ಅದು.

ನಳಿನಾಕ್ಷಿ ಅಷ್ಟು ದಿನ ಮೇಲಿನ ಮನೆಯಲ್ಲಿರುವುದು ಮೀನಿನ ತೊಟ್ಟಿ ಎಂದೇ ನಂಬಿದ್ದರು. ನಿಜ ತಿಳಿದ ದಿನ ನಾನೂ ಅಲ್ಲೇ ಕಾಫಿ ಕುಡಿಯುತ್ತಿದ್ದೆ.

"ರೀ, ಉಡ ಹೊಕ್ಕ ಮನೆ ಉಳಿಯುತ್ತಾ? ನಮ್ಮ ಕಡೆ ಉಡ ಒಳಗೆ ಬಂದ್ರೆ ಬೀಗ ಹಾಕ್ಕೊಂಡು ಮನೇನೇ ಬಿಟ್ಟು ಹೋಗ್ತಾರೆ. ಆ ಹುಡುಗನ ಕೆಲಸ ಹೋಗಿದ್ದು ಸುಮ್ಸುಮ್ನೆ ಅಂದ್ಕೊಂಡ್ರಾ?"

ಹಾಗಾದರೆ ಇಡೀ ವಾಲ್ ಸ್ಟ್ರೀಟ್ ಕುಸಿದದ್ದು ಈ ಎರಡು ಉಡಗಳಿಂದಲೇ ಎಂದು ನಾನು ರೇಗಿಸಿದೆ. ಟೀವಿಯಲ್ಲಿ ಬರುತ್ತಿದ್ದ ಪಂಡಿತರು ಇದಕ್ಕಿಂತ ಒಳ್ಳೆಯ ಕಾರಣ ಕೊಟ್ಟಿರಲಿಲ್ಲ. ನಳಿನಾಕ್ಷಿ ನಗಲಿಲ್ಲ.

"ನಾಳೆ ಇವರ ಕೆಲಸಾನೂ ಹೋದ್ರೆ ಏನ್ಮಾಡೋದು, ಶಿವರಾಮ್ ಅವರೇ?" ಎಂದರು.

ಆಕೆಯ ನಿಜವಾದ ಭಯ ಅದು. ಗಂಡ ಒಂದು ನಿಮಿಷ ತಡವಾಗಿ ಹೋದರೂ ಅದೇ ನೆಪವಾದೀತು ಎಂದು ಅವನಿಗಿಂತ ಮೊದಲು ಎದ್ದು ಬುತ್ತಿ ಕಟ್ಟಿ, ಕಾರಿನ ಮೇಲಿನ ಹಿಮ ಕೆರೆದು ನಿಲ್ಲುತ್ತಿದ್ದರು. ಉಡಗಳನ್ನು ಆಚೆ ಹಾಕಲೇಬೇಕು ಎಂದು ಹಟ ಹಿಡಿದರು. ಆಚೆ ಹಾಕಿದರೆ ಬೆಳಗಾಗುವುದರೊಳಗೆ ಸತ್ತಿರುತ್ತವೆ ಎಂದು ಜಯರಾಮು ತಲೆ ತಗ್ಗಿಸಿ ಕೂತ.

ಫೆಬ್ರವರಿಯಲ್ಲಿ ಹೆಣ್ಣು ಉಡ ತಿನ್ನುವುದನ್ನು ಬಿಟ್ಟಿತು. ಹಗಲೆಲ್ಲ ಗಾಜಿನ ಮೂಲೆಯನ್ನು ಕೆರೆದು ಕೆರೆದು ಉಗುರಿನ ಬುಡದಲ್ಲಿ ರಕ್ತ ಬಂದಿತ್ತು. ಪಾಳಿ ಮುಗಿಸಿ ಬಂದವನೇ ಜಯರಾಮು ಅದನ್ನು ಹೊತ್ತು ಪ್ರಾಣಿವೈದ್ಯೆಯ ಹತ್ತಿರ ಹೋದ. ಹೊಟ್ಟೆ ತುಂಬ ಮೊಟ್ಟೆ, ಇಡಲು ಆಳವಾದ ಹಸಿಮಣ್ಣು ಸಿಗದೆ ತಡೆಹಿಡಿದುಕೊಂಡಿದೆ, ಇನ್ನು ಕೆಲವೇ ದಿನ ಹೀಗಿದ್ದರೆ ಸಾಯುತ್ತದೆ ಎಂದು ಆಕೆ ಹೇಳಿದಳು. ಎಂಥ ಗೂಡು ಬೇಕು ಎಂಬುದನ್ನೂ ವಿವರಿಸಿದಳು. ಜಯರಾಮು ಮನೆಗೆ ಬಂದು ಅಷ್ಟನ್ನೆಲ್ಲ ಹೇಳಲಿಲ್ಲ.

"ನಳಿನಿ, ಅದು ಬಸುರಿಯಂತೆ" ಎಂದ.

ನಳಿನಾಕ್ಷಿ ಒಲೆಯ ಕಡೆ ತಿರುಗಿ ಸಾರು ಕಲಕಿದರು. "ಬಸುರೀನ ಆಚೆಗೆ ಅಟ್ಟಿದ ಪಾಪ ನಮಗ್ಯಾಕೆ? ಬೇಸ್‌ಮೆಂಟಲ್ಲಿ ಇಡಿ. ಆದ್ರೆ ಮುಂದಿನ ಹೊಸ್ತಿಲು ಮಾತ್ರ ದಾಟಿಸ್ಬೇಡಿ. ಹಿಂದಿನ ಬಾಗಿಲಿಂದ ಇಳಿಸಿ."

ಶಾಸ್ತ್ರದಲ್ಲಿ ಅಪಶಕುನಕ್ಕಿಂತ ಬಸುರಿ ದೊಡ್ಡವಳು ಎಂದು ನನಗೆ ಆವತ್ತು ತಿಳಿಯಿತು.

ಗೂಡು ಕಟ್ಟಲು ನಾನೂ ಕೈ ಹಚ್ಚಿದೆ. ಪ್ಲೈವುಡ್ ಕೊಯ್ದು, ಎಂಟಡಿ ಉದ್ದದ, ಎದೆಯೆತ್ತರದ ಪೆಟ್ಟಿಗೆ ಮಾಡಿ, ಒಳಗೆ ನೀರು ಇಳಿಯದ ಹಾಳೆ ಹೊದಿಸಿದೆವು. ಮೈ ಕಾಯಿಸಿಕೊಳ್ಳಲು ಒಂದು ತುದಿಯಲ್ಲಿ ಬಿಸಿ ಕಾರುವ ವಿದ್ಯುತ್ ದೀಪ, ಅದರ ಕೆಳಗೆ ಚಪ್ಪಡಿ ಕಲ್ಲು. ಇನ್ನೊಂದು ತುದಿ ತಂಪು. ಎಲ್ಲ ಕಡೆ ಎರಡಡಿ ಮಣ್ಣು. ಹಿತ್ತಲ ಮಣ್ಣು ಹೆಪ್ಪುಗಟ್ಟಿ ಗುದ್ದಲಿಗೆ ಜಗ್ಗುತ್ತಿರಲಿಲ್ಲ. ಅಂಗಡಿಯಿಂದ ತಂದ ಮೂಟೆಗಳೂ ಕಲ್ಲಾಗಿದ್ದವು. ಒಂದೊಂದನ್ನೇ ಮನೆಯನ್ನು ಬೆಚ್ಚಗಿಡುವ ಬಾಯ್ಲರಿನ ಪಕ್ಕ ಮಲಗಿಸಿ ಕರಗಿಸಬೇಕಾಯಿತು. ಜಯರಾಮು ಆಸ್ಪತ್ರೆಯಿಂದ ಬಂದ ಬಟ್ಟೆಯಲ್ಲೇ ಕೆಳಗಿಳಿಯುತ್ತಿದ್ದ. ಗಂಡು ಉಡ ಮೇಲಿನ ಮನೆಯ ತೊಟ್ಟಿಯಲ್ಲೇ ಉಳಿಯಿತು.

ಎಡವಿದ್ದು ಪೆಟ್ಟಿಗೆ ಇಟ್ಟ ಜಾಗದಲ್ಲಿ. ಬಾಯ್ಲರ್ ನೋಡುವವನಿಗೆ ಎಲ್ಲ ರೋಗಕ್ಕೂ ಬಿಸಿಯೇ ಮದ್ದು. ಅದನ್ನು ಬಾಯ್ಲರಿಗೆ ಒತ್ತಿಯೇ ಇಟ್ಟ. ಎರಡು ದಿನದಲ್ಲಿ ಮಣ್ಣು ಒಣಗಿ ಪುಡಿಯಾಯಿತು. ಉಡ ಅಗೆಯುತ್ತಿತ್ತು, ಬಿಲ ಕುಸಿದು ಮುಚ್ಚಿಕೊಳ್ಳುತ್ತಿತ್ತು, ಮತ್ತೆ ಅಗೆಯುತ್ತಿತ್ತು. ಕೊನೆಗೆ ಸೋತು ಗೋಡೆಗೆ ಮುಖ ಕೊಟ್ಟು ಮಲಗಿಬಿಟ್ಟಿತು.

ಪೆಟ್ಟಿಗೆ ಖಾಲಿ ಮಾಡಿ, ಆಚೆ ಗೋಡೆಗೆ ಎಳೆದು, ಮಣ್ಣು ಮತ್ತೆ ತುಂಬಬೇಕು. ಅಷ್ಟು ಹೊತ್ತಿಗೆ ಜಯರಾಮು ಬೆನ್ನಿಗೆ ಬೆನ್ನು ಎರಡು ಪಾಳಿ ಮುಗಿಸಿ ಬಂದಿದ್ದ. ಬಕೆಟ್ ಎತ್ತಲಾಗದೆ ನೆಲದ ಮೇಲೆಯೇ ಎಳೆಯುತ್ತಿದ್ದ. ನನಗೆ ತಡೆಯಲಾಗಲಿಲ್ಲ.

"ಸತ್ರೆ ಸಾಯ್ಲಿ ಬಿಡಯ್ಯ. ಅದಕ್ಕೂ ಮೊದ್ಲು ನೀನೇ ಸಾಯ್ತೀಯ."

"ಅದು ಇಷ್ಟು ದಿನ ಅಗೀತಾನೇ ಇತ್ತು ಕಣೋ. ನಾವು ಕೈ ಬಿಟ್ರೆ ಹೆಂಗೆ?"

ಉಡದ ಪಟ್ಟು ಎನ್ನುತ್ತಾರೆ. ಆ ವಾರ ಪಟ್ಟು ಹಿಡಿದದ್ದು ಉಡವಲ್ಲ.

ನಮ್ಮ ಜಗಳ ಕೇಳಿ ನಳಿನಾಕ್ಷಿ ಮೊದಲ ಸಲ ಕೆಳಗಿಳಿದು ಬಂದರು. ಉಡದ ಕಡೆ ನೋಡಲಿಲ್ಲ. ಸೆರಗು ಸಿಕ್ಕಿಸಿ, ನಾನು ನೀರು ಹಾಕಿ ಕಲಸಿದ್ದ ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ನೋಡಿದರು. "ಇದು ಕೆಸರು. ತಂಬಿಟ್ಟಿನ ಹದ ಬರಬೇಕು. ಹಿಡಿದ್ರೆ ಉಂಡೆ ನಿಲ್ಲಬೇಕು, ನೀರು ಒಸರಬಾರದು" ಎಂದು ಒಣಮಣ್ಣು ಬೆರೆಸಿ ತಾವೇ ಕಲಸಲು ಕೂತರು. ಅವರು ಹದ ಮಾಡಿದ್ದನ್ನು ನಾವು ತುಂಬಿದೆವು.

ಮಾರನೆಯ ದಿನ ಉಡ ಮಣ್ಣಿನೊಳಗೆ ಇಳಿದು ಕಾಣೆಯಾಯಿತು. ಬಿಲ ಕುಸಿಯಲಿಲ್ಲ. ಅದರ ಮರುದಿನವೂ ಸದ್ದಿಲ್ಲ. ಒಳಗೇ ಸತ್ತಿದೆಯೇನೋ ಎಂದು ನನಗೆ ಅನುಮಾನ. ಜಯರಾಮು ಮಾತ್ರ ಕೆಲಸದಿಂದ ಬಂದು ಮಣ್ಣಿನ ಖಾಲಿ ಚೀಲಗಳ ಮೇಲೆ ಕೂತು ಆ ತೂತನ್ನೇ ನೋಡುತ್ತಿದ್ದ, ಮತ್ತೆ ಎದ್ದು ಕೆಲಸಕ್ಕೆ ಹೋಗುತ್ತಿದ್ದ.

ಆ ಭಾನುವಾರ ಬೆಳಿಗ್ಗೆ ನಾನು ಹೋದಾಗ ಅವನು ಯೂನಿಫಾರ್ಮ್ ಹಾಕಿಕೊಂಡೇ ಅಲ್ಲಿ ಕೂತಿದ್ದ. ನಳಿನಾಕ್ಷಿ ಬುತ್ತಿ ಹಿಡಿದು ಮೆಟ್ಟಿಲ ಮೇಲೆ ನಿಂತಿದ್ದರು. ಮಣ್ಣು ಅಲುಗಿತು. ಮೂತಿಯ ತುಂಬ ಮಣ್ಣು ಮೆತ್ತಿಕೊಂಡು ಉಡ ಹೊರಗೆ ಬಂತು. ಹೊಟ್ಟೆ ಬರಿದಾಗಿ ಚರ್ಮ ಜೋತು ಬಿದ್ದಿತ್ತು. ತೆವಳುತ್ತಾ ಹೋಗಿ ದೀಪದ ಕೆಳಗಿನ ಕಲ್ಲಿನ ಮೇಲೆ ಕಾಲು ಚಾಚಿ ಮಲಗಿತು.

"ಬಂತು" ಎಂದ ಜಯರಾಮು. ಇನ್ನೇನೋ ಹೇಳುತ್ತಾನೆ ಎಂದು ಕಾದೆ. ತಲೆ ಗೋಡೆಗೆ ವಾಲಿತ್ತು. ಅಷ್ಟರಲ್ಲೇ ನಿದ್ದೆ ಹೋಗಿದ್ದ, ಬಾಯಿ ತೆರೆದು, ಮಣ್ಣಾದ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು. ಪಾಳಿಗೆ ಹೊರಡುವ ಹೊತ್ತು ಮೀರುತ್ತಿತ್ತು. ಎಬ್ಬಿಸಲೆಂದು ಬಗ್ಗಿದೆ.

"ಬೇಡ" ಎಂದರು ನಳಿನಾಕ್ಷಿ.

ಮೇಲೆ ಹೋಗಿ ಫೋನ್ ಹಚ್ಚಿದರು. ನಾನು ಹಿಂದೆಯೇ ಹೋಗಿ ಅಡುಗೆಮನೆಯಲ್ಲಿ ನಿಂತೆ. ಆಕೆ ಆಸ್ಪತ್ರೆಯವರ ಜೊತೆ ಇಂಗ್ಲಿಷಿನಲ್ಲಿ ಮಾತಾಡಿದ್ದನ್ನು ನಾನು ಹಿಂದೆ ಕೇಳಿರಲಿಲ್ಲ. ಗಂಡ ಇವತ್ತು ಬರುವುದಿಲ್ಲ ಎಂದರು. ಆ ಕಡೆಯವನು ಮೈ ಹುಷಾರಿಲ್ಲವೇ ಎಂದು ಕೇಳಿರಬೇಕು. ಹೌದು ಎಂದಿದ್ದರೆ ಮುಗಿದುಹೋಗುತ್ತಿತ್ತು.

"ನೋ" ಎಂದರು. "ಹಿ ಈಸ್ ಟೈರ್ಡ್."

ಆ ಕಡೆಯಿಂದ ಏನೋ ಗಟ್ಟಿಯಾಗಿ ಕೇಳಿಸಿತು. ಆಕೆ ಅದೇ ಮಾತನ್ನು ಇನ್ನೊಮ್ಮೆ, ನಿಧಾನವಾಗಿ ಹೇಳಿ ಫೋನ್ ಇಟ್ಟರು. ಇಷ್ಟು ವರ್ಷ ಅವನಿಂದ ಕೆಲಸ ಮಾಡಿಸಿಕೊಂಡ ನಮ್ಮಲ್ಲಿ ಒಬ್ಬರೂ ಅವನ ಬಗ್ಗೆ ಆ ಮಾತು ಆಡಿರಲಿಲ್ಲ. ನಳಿನಾಕ್ಷಿ ಕಟ್ಟಿದ್ದ ಬುತ್ತಿಯನ್ನು ಬಿಚ್ಚಿ, ಒಂದು ರಗ್ಗು ಹುಡುಕಿಕೊಂಡು ಕೆಳಗೆ ಹೋದರು.