ಎರಡನೇ ಟ್ಯಾಂಕಿನ ಅಳತೆ

ಐರ್ಲೆಂಡಿನ ಲೀಟ್ರಿಮ್ ಸೀಮೆಯ ಒಂದು ಕೂಡುರಸ್ತೆಯಲ್ಲಿದ್ದ ಪೆಟ್ರೋಲ್ ಬಂಕಿನಲ್ಲಿ ಡಿಂಪ್ನಾ ಗ್ಯಾಫ್ನಿ ಹತ್ತೊಂಬತ್ತು ವರ್ಷ ಕೆಲಸ ಮಾಡಿದಳು. ಅವಳ ಮನೆ ಬಂಕಿನ ಮೇಲಂತಸ್ತಿನಲ್ಲೇ ಇತ್ತು. ಬಂಕೂ ಮನೆಯೂ ಗಂಡನ ಅಣ್ಣ ಇಗ್ನೇಷಿಯಸ್‌ನವು. ಗಂಡ ಮಲಾಕಿಗೆ ಲಕ್ವ ಹೊಡೆದ ವರ್ಷ ಅವನೇ ಇಬ್ಬರನ್ನೂ ಕರೆತಂದು, "ಇರೋವಷ್ಟು ದಿನ ಇರಿ" ಅಂದಿದ್ದ. ಕಾಗದ ಪತ್ರ ಏನೂ ಆಗಿರಲಿಲ್ಲ. ಊರವರು ಅವನನ್ನು ಹೊಗಳಿದಾಗ ಡಿಂಪ್ನಾ ತಲೆಯಾಡಿಸುತ್ತಿದ್ದಳು. ಹೊಗಳಿಕೆ ಸುಳ್ಳೇನೂ ಆಗಿರಲಿಲ್ಲ.

ದಿನಾ ಬೆಳಿಗ್ಗೆ ಬಂಕು ತೆರೆಯುವ ಮುಂಚೆ ಅವಳು ನೆಲದ ಕಬ್ಬಿಣದ ಮುಚ್ಚಳ ಎತ್ತಿ, ಉದ್ದನೆಯ ಅಳತೆಕೋಲನ್ನು ಟ್ಯಾಂಕಿನ ತಳದವರೆಗೆ ಇಳಿಸುತ್ತಿದ್ದಳು. ನಿನ್ನೆ ಇದ್ದದ್ದರಲ್ಲಿ ಮಾರಿದ್ದನ್ನು ಕಳೆದರೆ ಉಳಿಯುವುದೆಷ್ಟೋ, ಕೋಲು ಅಷ್ಟೇ ಒದ್ದೆಯಾಗಬೇಕು. ಚಳಿಗೆ, ಬಿಸಿಲಿಗೆ ಒಂದೆರಡು ಲೀಟರ್ ಆಚೀಚೆ ಆಗುವುದುಂಟು. ಆದರೆ ಆ ವರ್ಷ ಏಪ್ರಿಲ್‌ನಲ್ಲಿ ಎರಡನೇ ಟ್ಯಾಂಕು ದಿನವೂ ಕಮ್ಮಿಯೇ ತೋರಿಸತೊಡಗಿತು. ಹನ್ನೊಂದು ಲೀಟರ್. ಒಂಬತ್ತು. ಮತ್ತೆ ಹದಿಮೂರು.

ಮೊದಲು ಅವಳು ತನ್ನ ಕಣ್ಣನ್ನೇ ಅನುಮಾನಿಸಿದಳು. ಕೋಲನ್ನು ಒರೆಸಿ ಮೂರು ಮೂರು ಸಲ ಇಳಿಸಿದಳು. ಎಂಟನೇ ದಿನ ಅಳತೆ ಬರೆಯುವ ಲೆಕ್ಕದ ಪುಸ್ತಕ ಹಿಡಿದು ಭಾವನ ಮುಂದೆ ನಿಂತಳು.

"ಭಾವ, ಎರಡನೇದು ಸೋರ್ತಾ ಇದೆ."

ಇಗ್ನೇಷಿಯಸ್ ಸೋಡಾಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದ. ಚಾಕು ಕೆಳಗಿಡಲಿಲ್ಲ. "ನಿನ್ನ ಕನ್ನಡಕ ಬದಲಾಯಿಸಿ ಎಷ್ಟು ವರ್ಷ ಆಯ್ತಮ್ಮ?"

"ಕನ್ನಡಕದ ಮಾತಲ್ಲ ಭಾವ. ದಿನಾ ಹೋಗ್ತಿದೆ."

ಅವನು ಇನ್ನೊಂದು ತುಂಡಿಗೆ ಬೆಣ್ಣೆ ಸವರಿದ. ಆಮೇಲೆ ಮೆಲ್ಲಗೆ ಹೇಳಿದ, "ಟ್ಯಾಂಕ್ ಅಗೆಸೋದು ಅಂದ್ರೆ ಬಂಕ್ ಮುಚ್ಚಿದ ಹಾಗೇ. ಮುಚ್ಚಿದ್ರೆ ಮಲಾಕಿನ ಎಲ್ಲಿ ಮಲಗಿಸ್ತೀಯ, ಹೇಳು? ಶರತ್ಕಾಲ ಬರ್ಲಿ, ನೋಡೋಣ. ಅಲ್ಲೀವರೆಗೂ ಪುಸ್ತಕ ನೆಟ್ಟಗಿರ್ಲಿ."

ಮರುದಿನದಿಂದ ಡಿಂಪ್ನಾ ಸುಳ್ಳು ಬರೆದಳು. ಸುಳ್ಳಿನಂತೆ ಕಾಣದಿರಲೆಂದು ಒಂದು ದಿನ ಎರಡು ಲೀಟರ್ ಹೆಚ್ಚು, ಒಂದು ದಿನ ಒಂದು ಕಮ್ಮಿ ಹಾಕುತ್ತಿದ್ದಳು. ಕೋಲು ಇಳಿಸುವುದನ್ನು ಮಾತ್ರ ಬಿಡಲಾಗಲಿಲ್ಲ. ನಿಜ ಎಷ್ಟೆಂದು ನೋಡಿಯೇ ಬೇರೆ ಬರೆಯುತ್ತಿದ್ದಳು.

ಬಂಕಿನ ಹಿಂದಿನ ಇಳಿಜಾರಿನಲ್ಲಿ ಅಟ್ರಾಕ್ಟಾ ಕೀವ್ನಿ ಎಂಬ ಮುದುಕಿ ಒಬ್ಬಳೇ ಇದ್ದಳು. ಕುಡಿಯಲು ಅಂಗಳದ ಬಾವಿಯ ನೀರು. ಮೇ ತಿಂಗಳಲ್ಲಿ ಅವಳು ಆ ನೀರನ್ನೇ ಬಾಟಲಿಯೊಂದರಲ್ಲಿ ತಂದು ಡಿಂಪ್ನಾಳ ಮೂಗಿನ ಹತ್ತಿರ ಹಿಡಿದಳು.

"ಮೂಸಿ ನೋಡೇ. ನನ್ನ ಮೂಗು ಕೆಟ್ಟಿದೆ ಅಂತಾನೆ ಡಾಕ್ಟ್ರು. ಚಾ ಕುಡಿದ್ರೆ ಟ್ರಾಕ್ಟರ್ ನೆಕ್ಕಿದ ಹಾಗಿರುತ್ತೆ!"

ಡಿಂಪ್ನಾ ಮೂಸಿದಳು. ಪೆಟ್ರೋಲ್ ವಾಸನೆಯೇ. "ನನಗೇನೂ ಗೊತ್ತಾಗ್ತಿಲ್ಲ ಅಜ್ಜಿ" ಅಂದಳು. ಬಂಕಿನ ಅಂಗಡಿಯಿಂದ ಆರು ಬಾಟಲಿ ನೀರು ತೆಗೆದುಕೊಟ್ಟಳು. ಮುದುಕಿ ನಕ್ಕಳು: "ಅಂಗಡಿ ನೀರು ಕುಡಿಯೋಕೆ ನಾನೇನು ಡಬ್ಲಿನ್ನೋಳಾ?" ಅಂದು ಬಾಟಲಿಗಳನ್ನು ಅಲ್ಲೇ ಬಿಟ್ಟು ಹೋದಳು.

ಆ ವಾರ ಡಿಂಪ್ನಾಳಿಗೆ ಅನ್ನಾಹಾರ ಸೇರಲಿಲ್ಲ. ಮಲಾಕಿಯ ಬಾಯಿಗೆ ಗಂಜಿ ಇಡುವಾಗಲೂ ಅದನ್ನೇ ಯೋಚಿಸುತ್ತಿದ್ದಳು. ಹೇಳಿದರೆ ಇವನಿಗೆ ಸೂರಿಲ್ಲ, ಸುಮ್ಮನಿದ್ದರೆ ಆ ಮುದುಕಿಗೆ ನೀರಿಲ್ಲ. ಎತ್ತ ತಿರುಗಿದರೂ ಗೋಡೆ.

ಜೂನ್ ಮೊದಲ ವಾರ ತಪಾಸಣೆಯ ಅಧಿಕಾರಿ ಬಂದ. ಇಗ್ನೇಷಿಯಸ್ ಪಕ್ಕದಲ್ಲೇ ನಿಂತ. ಅಧಿಕಾರಿ ಪುಟ ತಿರುವಿ, "ಇಷ್ಟು ಅಚ್ಚುಕಟ್ಟಾದ ಪುಸ್ತಕ ನಾನು ನೋಡೇ ಇಲ್ಲ ಮೇಡಂ" ಎಂದು ಸಹಿಗೆ ಪೆನ್ನು ತೆಗೆದ.

ಆ ಹೊಗಳಿಕೆಯನ್ನು ಅವಳಿಗೆ ತಡೆದುಕೊಳ್ಳಲಾಗಲಿಲ್ಲ.

"ಅದು ಸುಳ್ಳು ಸಾರ್. ನಾನೇ ಬರೆದಿದ್ದು. ನಲವತ್ತೆರಡು ದಿನದ್ದು." ಕೋಲು ತಂದು ಅವನ ಎದುರೇ ಎರಡನೇ ಟ್ಯಾಂಕಿಗೆ ಇಳಿಸಿದಳು.

ಇಗ್ನೇಷಿಯಸ್ ಒಳಗೆ ಹೋದ.

ಟ್ಯಾಂಕು ಅಗೆದು ಎತ್ತಿದಾಗ ಅಡಿಯಲ್ಲಿ ಕಿರುಬೆರಳು ತೂರುವಷ್ಟು ತೂತು ಇತ್ತು. ಬಂಕು ಮುಚ್ಚಿತು. ಅಟ್ರಾಕ್ಟಾಳ ಬಾವಿಗೆ ಬೀಗ ಬಿತ್ತು; ಅವಳಿಗೆ ನಲ್ಲಿ ಹಾಕಿಸಿದರು. ವರದಿಯಲ್ಲಿ ಸುಳ್ಳು ಬರೆದವಳೆಂದು ಇದ್ದದ್ದು ಡಿಂಪ್ನಾಳ ಹೆಸರು. ಅದಾದ ಮೇಲೆ ಸುತ್ತಮುತ್ತ ಯಾರೂ ಅವಳಿಗೆ ಕೆಲಸ ಕೊಡಲಿಲ್ಲ.

ಮುದುಕಿ ಒಂದೇ ಸಲ ಬಂದಳು. ಮೆಟ್ಟಿಲ ಕೆಳಗೇ ನಿಂತು ಕೇಳಿದಳು:

"ಅವತ್ತು ಮೂಸಿದಾಗ ಗೊತ್ತಿತ್ತಾ ನಿಂಗೆ?"

"ಗೊತ್ತಿತ್ತು ಅಜ್ಜಿ."

"ಆಮೇಲೂ ದಿನಾ ಅದೇ ನೀರಲ್ಲೇ ಚಾ ಮಾಡ್ಕೊಂಡೆ ಕಣೇ ನಾನು." ಅಷ್ಟು ಹೇಳಿ ಹೊರಟುಹೋದಳು.

ಭಾವ ಗಂಡ ಹೆಂಡತಿಯನ್ನು ಮನೆಯಿಂದ ಹೊರಗೆ ಹಾಕಲಿಲ್ಲ. ಹಾಕಿದ್ದರೆ ಚೆನ್ನಾಗಿತ್ತು ಎಂದು ಡಿಂಪ್ನಾಳಿಗೆ ಎಷ್ಟೋ ಸಲ ಅನಿಸಿತು. ಪ್ರತಿ ಶನಿವಾರ ಅವನು ಒಲೆಗೆ ಒಂದು ಚೀಲ ಪೀಟು, ಅಂದರೆ ಒಣಗಿಸಿದ ಜವುಗುಮಣ್ಣಿನ ಉರುವಲು, ತಂದು ಮೆಟ್ಟಿಲ ಮೇಲಿಟ್ಟು, ತಲೆ ಎತ್ತದೆ ವಾಪಸಾಗುತ್ತಿದ್ದ. ಅವಳು ಅದನ್ನೇ ಉರಿಸಿ ಗಂಡನ ಕಾಲು ಬೆಚ್ಚಗಿಡುತ್ತಿದ್ದಳು. ಕಿಟಕಿಯ ಕೆಳಗೆ ಟ್ಯಾಂಕು ಎತ್ತಿದ ಹೊಂಡ ಮಳೆನೀರು ತುಂಬಿ ನಿಂತಿರುತ್ತಿತ್ತು. ಹೀಗೇ ನಾಲ್ಕು ವರ್ಷ.

ಮಲಾಕಿ ತೀರಿಕೊಂಡ ಮೇಲೆ ಸ್ಲೈಗೋ ಪಟ್ಟಣದಲ್ಲಿದ್ದ ಅವಳ ತಂಗಿ ಬಂದು ಕರೆದುಕೊಂಡು ಹೋದಳು. ಕಿಟಕಿಯಿಂದ ಸಮುದ್ರ ಕಾಣುವ ಕೋಣೆಯನ್ನೇ ಕೊಟ್ಟಳು. ಹದಿನೈದು ದಿನ ಕಳೆದು ಡಿಂಪ್ನಾ ಬಸ್ಸು ಹತ್ತಿ ಆ ಕೂಡುರಸ್ತೆಗೇ ಮರಳಿದಳು.

"ಇಲ್ಲಿ ಇನ್ನೇನಿದೆ ಅಂತ ಬಂದೆ?" ಬಸ್ಸಿನವನು ಕೇಳಿದ.

"ಏನೂ ಇಲ್ಲಪ್ಪ," ಅಂದಳು. "ಕಿಟಕಿ ಕೆಳಗೆ ಆ ಹೊಂಡ ಕಾಣದೆ ಅಲ್ಲಿ ನಿದ್ದೆ ಬರಲಿಲ್ಲ."