ಸೇಸಪ್ಪ ಬರೆದ ಸ್ಫೋಟ

೧೯೮೭ರಲ್ಲಿ ಶ್ರೀಲಂಕೆಯ ಜಾಫ್ನಾದ ಒಂದು ಬೀದಿಯಲ್ಲಿ ಬಾಂಬು ಸಿಡಿದು ಭಾರತೀಯ ಸೇನೆಯ ಹವಾಲ್ದಾರ್ ಸೇಸಪ್ಪನ ಎಡಗೈಯ ಎರಡು ಬೆರಳು ಹಾರಿಹೋದವು. ಪಕ್ಕದಲ್ಲಿದ್ದ ಗೆಳೆಯನ ಹೊಟ್ಟೆಯೇ ಒಡೆದಿತ್ತು. ಆಸ್ಪತ್ರೆಯಲ್ಲಿ ಬಾಯಿಂದ ಮಾತು ಹೊರಡದೆ ಬಿದ್ದಿದ್ದ ಈ ಪುತ್ತೂರಿನವನು ಔಷಧದ ಚೀಟಿಗಳ ಬೆನ್ನಿಗೆ ಪೆನ್ಸಿಲಿನಲ್ಲಿ ಕಂಡದ್ದನ್ನೆಲ್ಲ ಚಿತ್ರವಾಗಿ ಬರೆದ: ಸುಟ್ಟ ಜೀಪು, ಬಾವಿಕಟ್ಟೆಗೆ ಒರಗಿದ ಹೆಣ, ಹರಿದ ಗೆಳೆಯ. ಬರೆದ ಮೇಲೆಯೇ ಮಾತು ಮರಳಿದ್ದು.

ಸೇನೆ ಬಿಟ್ಟು ಒಮಾನಿಗೆ ಬಂದವನು ರೂವಿಯಲ್ಲಿ ಕೆಲವು ವರ್ಷ ಅಂಗಡಿಗಳ ಬೋರ್ಡು ಬರೆದ. ಆಮೇಲೆ ಯೆಮೆನ್ ಗಡಿಯಲ್ಲಿ ರಸ್ತೆ ಮಾಡುವ ಕಂಪನಿಯೊಂದು ಅವನನ್ನು ನಕ್ಷೆಗಾರನಾಗಿ ಕರೆದೊಯ್ದಿತು. ಅಲ್ಲಿನ ಮಣ್ಣಿನೊಳಗೆ ಹಳೆಯ ಯುದ್ಧದಲ್ಲಿ ಹೂತ ಮೈನುಗಳು, ತುಳಿದರೆ ಸಿಡಿಯುವ ಬಾಂಬುಗಳು, ಇನ್ನೂ ಇದ್ದವು. ಕಂಪನಿಯವರು ಮೈನು ಶೋಧಿಸಿ ತೆಗೆದ ದಾರಿಯ ಎರಡೂ ಬದಿಗೆ ಬಿಳಿ ಬಣ್ಣ ಬಳಿದ ಕಲ್ಲು ನೆಡುತ್ತಿದ್ದರು.

೧೯೯೪ರ ಬೇಸಗೆಯಲ್ಲಿ ಗಡಿಯಾಚೆ ಯುದ್ಧ ಹೊತ್ತಿಕೊಂಡಿತು. ಪಿಕಪ್ಪುಗಳಲ್ಲಿ ಗಾಯಾಳುಗಳು ಕಂಪನಿಯ ಕ್ಯಾಂಪಿಗೆ ಬಂದರು. ಸೇಸಪ್ಪ ಅವರನ್ನು ಎತ್ತಿ ಇಳಿಸುತ್ತಿದ್ದ. ಬಿಡುವಾದಾಗ ಅದೇ ಕೈಯಲ್ಲಿ ಅವರನ್ನು ಬರೆಯುತ್ತಿದ್ದ.

ಒಂದು ಬೆಳಿಗ್ಗೆ ಅವನ ಕಣ್ಣೆದುರೇ ಮೈನು ಸಿಡಿದು ಕಂಪನಿಯ ನೀರಿನ ಟ್ಯಾಂಕರ್ ಮೇಲಕ್ಕೆ ಹಾರಿ ಮಗುಚಿತು. ಚಾಲಕ ಉಳ್ಳಾಲದ ಉಸ್ಮಾನ್. ತೊಡೆಯಿಂದ ಕೆಳಗೆ ಕಾಲುಗಳಿರಲಿಲ್ಲ.

"ಸೇಸಪ್ಪಣ್ಣ, ನಾನು ಕಲ್ಲಿನ ಒಳಗೇ ಇದ್ದೆ ಮಾರಾಯ್ರೆ... ದಾರಿ ಬಿಡ್ಲಿಲ್ಲ," ಎಂದವನು ಅವನ ಮಡಿಲಲ್ಲೇ ಸತ್ತ.

ಸೇಸಪ್ಪ ರಕ್ತದ ಕೈಯಲ್ಲೇ ಕಾಗದ ಹಿಡಿದ. ಗುಂಡಿ, ಚಕ್ರದ ಜಾಡು, ಎರಡೂ ಬದಿಯ ಕಲ್ಲುಗಳು, ಒಂದೊಂದಕ್ಕೂ ಎಷ್ಟು ಹೆಜ್ಜೆ ಎಂಬುದು, ಎಲ್ಲವನ್ನೂ ಬರೆದುಕೊಂಡ.

ಸಂಜೆಯೊಳಗೆ ಯಾರೋ ಕಲ್ಲುಗಳನ್ನು ಕಿತ್ತು ಒಳಕ್ಕೆ ಸರಿಸಿದ್ದರು. ಗುಂಡಿ ಈಗ ದಾರಿಯ ಹೊರಗಿತ್ತು.

"ಡ್ರೈವರ್ ದಾರಿ ತಪ್ಪಿದ್ದಾನೆ. ರಿಪೋರ್ಟ್ ಹೋಗಿ ಆಯ್ತು, ಖಲಾಸ್," ಎಂದ ಕ್ಯಾಂಪಿನ ಮ್ಯಾನೇಜರ್ ಎಡ್ವರ್ಡ್. "ಆ ಚಿತ್ರ ಇಲ್ಲಿ ಕೊಡು."

ಅವನು ಕಾಗದಕ್ಕೆ ಕೈ ಹಾಕಿದ್ದೇ ತಡ, ಸೇಸಪ್ಪ ಅವನ ಕುತ್ತಿಗೆ ಹಿಡಿದು ಗೋಡೆಗೆ ಅಪ್ಪಳಿಸಿದ. ಮೂಗಿನಿಂದ ರಕ್ತ ಚಿಮ್ಮಿತು. ಮತ್ತೊಂದು ಏಟು ಬಿದ್ದಿದ್ದರೆ ಎಡ್ವರ್ಡ್ ಉಳಿಯುತ್ತಿರಲಿಲ್ಲ. ನಾಲ್ಕು ಜನ ಸೇರಿ ಬಿಡಿಸಿದರು. ತನ್ನ ಕೈ ಇನ್ನೂ ಕೊಲ್ಲಬಲ್ಲದೆಂದು ಸೇಸಪ್ಪನಿಗೇ ಭಯವಾಯಿತು.

ನೇರ ಪೊಲೀಸ್ ಠಾಣೆಗೆ ನಡೆದು ಚಿತ್ರವನ್ನೂ ತನ್ನನ್ನೂ ಒಪ್ಪಿಸಿದ. ಒಮಾನಿ ಅಧಿಕಾರಿ ಚಿತ್ರ ಹಿಡಿದು ಸ್ಥಳಕ್ಕೆ ಹೋಗಿ ಹೆಜ್ಜೆ ಎಣಿಸಿದ. ಕಿತ್ತ ಕಲ್ಲುಗಳ ಕುಳಿಗಳು ಚಿತ್ರದಲ್ಲಿದ್ದಲ್ಲೇ ಸಿಕ್ಕವು. ಅಂದರೆ ಗುಂಡಿ ದಾರಿಯೊಳಗೇ ಇತ್ತು, ನೆಲವನ್ನು ಅರೆಬರೆ ಶೋಧಿಸಿ ಕಂಪನಿ ದಾರಿ ಗುರುತಿಸಿತ್ತು. ರಿಪೋರ್ಟ್ ಬದಲಾಯಿತು. ಹೊಡೆದದ್ದಕ್ಕೆ ಸೇಸಪ್ಪ ಎರಡು ತಿಂಗಳು ಜೈಲಿನಲ್ಲಿದ್ದ, ವೀಸಾವೂ ರದ್ದಾಯಿತು.

ಊರಿಗೆ ಹೊರಡುವ ಮುನ್ನ ರೂವಿಯಲ್ಲಿ ಆಯಾ ಕೆಲಸಕ್ಕಿದ್ದ ಉಸ್ಮಾನನ ಹೆಂಡತಿ ನಬೀಸಾಳನ್ನು ಕಂಡ. ಪೊಲೀಸರು ಮರಳಿಸಿದ ಚಿತ್ರವನ್ನೂ ಹೊಸ ರಿಪೋರ್ಟಿನ ಪ್ರತಿಯನ್ನೂ ಮುಂದಿಟ್ಟ. ಅವಳು ಚಿತ್ರವನ್ನು ಮುಟ್ಟಲಿಲ್ಲ.

"ಅದು ಬೇಡ ಅಣ್ಣ. ರಿಪೋರ್ಟ್‌ನಲ್ಲಿ ಏನುಂಟು, ಅದನ್ನು ಓದಿ."

ಸೇಸಪ್ಪ ಓದಿದ. "ಚಾಲಕನ ತಪ್ಪಿಲ್ಲ" ಎಂಬಲ್ಲಿ ಅವಳು ಕೈ ಎತ್ತಿ ತಡೆದಳು, ಆ ಸಾಲನ್ನು ಮತ್ತೊಮ್ಮೆ ಓದಿಸಿದಳು.