ರೆಸ್ಟ್ ಏರಿಯಾದ ಖಾಲಿ ಕುರ್ಚಿ

ಕೀಟಲೆಯಲ್ಲಿ ನನ್ನನ್ನು ಸೋಲಿಸಿದವನು ಈ ಭೂಮಿಯ ಮೇಲೆ ಒಬ್ಬನೇ, ನನ್ನ ಹೆಂಡತಿಯ ತಮ್ಮ. ಧಾರವಾಡದಲ್ಲಿ ನಮ್ಮ ಮದುವೆಯ ದಿನ ಕೊಡೆ ಹಿಡಿದು ಕಾಶಿಯಾತ್ರೆಗೆ ಹೊರಟಿದ್ದೆ. ನೋಡಿದರೆ ಹೊಸ ಚಪ್ಪಲಿಗಳಲ್ಲಿ ಒಂದು ಮಾಯ. ಒಂಟಿ ಚಪ್ಪಲಿಯಲ್ಲಿ ಕುಂಟುತ್ತ ಕಾಶಿಗೆ ಹೊರಟ ಮದುಮಗ ನಾನೊಬ್ಬನೇ ಇರಬೇಕು. "ಮುಂದಿನ ರಜಾಕ್ಕ ಬಂದಾಗ ಎಲ್ಲಿಟ್ಟೇನಂತ ಹೇಳ್ತೀನಿ, ಭಾವಾ" ಎಂದು ನಗುತ್ತ ರೆಜಿಮೆಂಟಿಗೆ ಹೋದವನು ಎಪ್ಪತ್ತೊಂದರ ಯುದ್ಧದಲ್ಲಿ ಕಾಣೆಯಾದ. ಸತ್ತನೆಂದು ಯಾರೂ ಹೇಳಲಿಲ್ಲ, ಸೆರೆ ಸಿಕ್ಕನೆಂದೂ ಹೇಳಲಿಲ್ಲ.

ಕಳೆದ ಬೇಸಿಗೆಯಲ್ಲಿ ಪಂಚಮಿಯ ಸಾಮಾನು ತರಲು ನಾವಿಬ್ಬರೂ ಡೆಟ್ರಾಯಿಟ್ ಹತ್ತಿರದ ನಮ್ಮ ವಿಕ್ಸಮ್‌ನಿಂದ ಶಿಕಾಗೋದಲ್ಲಿ ನಮ್ಮವರ ಅಂಗಡಿಗಳಿರುವ ಡೆವನ್ ಅವೆನ್ಯೂಗೆ ಹೊರಟಿದ್ದೆವು. ಕಾರು ಹತ್ತುವಾಗಲೇ ಧಾರವಾಡದಿಂದ ಅವಳ ಅಣ್ಣನ ಮಗನ ಫೋನ್ ಬಂತು.

"ಅತ್ತಿ, ನಾಳೆ ಗೋಕರ್ಣಕ್ಕ ಹೊಂಟೀವಿ. ಕಾಕಾನ ಶ್ರಾದ್ಧ ಮಾಡಿ ಮುಗಿಸಿಬಿಡ್ತೀವಿ. ನೀ ಹೂಂ ಅಂದ್ರ ಆತು."

ಒಡಹುಟ್ಟಿದವರಲ್ಲಿ ಉಳಿದವಳು ಇವಳೊಬ್ಬಳೇ. ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಮಧ್ಯಾಹ್ನ ಹೇಳುತ್ತೇನೆ ಎಂದು ಫೋನ್ ಇಟ್ಟಳು. ಆಮೇಲೆ ನೂರು ಮೈಲಿ ತುಟಿ ಬಿಚ್ಚಲಿಲ್ಲ. ದಂಡದ ಟಿಕೆಟ್ ಕೊಡಲು ಬಂದ ಪೊಲೀಸನನ್ನೇ ನಗಿಸಿ ವಾಪಸು ಕಳಿಸಿದವನು ನಾನು. ಆ ದಿನ ನನ್ನ ಒಂದು ಜೋಕೂ ನಡೆಯಲಿಲ್ಲ.

ಊಟಕ್ಕೆಂದು ಹೆದ್ದಾರಿ ಬದಿಯ ರೆಸ್ಟ್ ಏರಿಯಾದಲ್ಲಿ ನಿಲ್ಲಿಸಿದೆವು. ಒಳಗೆ ರಸ್ತೆ ನಕ್ಷೆಯ ಪಕ್ಕದಲ್ಲಿ ಬಿಳಿ ಬಟ್ಟೆ ಹಾಸಿದ ಒಂದು ದುಂಡು ಮೇಜು. ತಟ್ಟೆಯಲ್ಲಿ ನಿಂಬೆಯ ಹೋಳು, ಚಿಟಿಕೆ ಉಪ್ಪು. ಬೋರಲು ಹಾಕಿದ ಗ್ಲಾಸು, ಒಂದು ಕೆಂಪು ಗುಲಾಬಿ. ಎದುರಿಗೆ ಖಾಲಿ ಕುರ್ಚಿ.

"ನೋಡು, ನಿಂಬಿಹಣ್ಣು, ಉಪ್ಪು. ನಮ್ಮೂರ ಮುದುಕಿ ಯಾವಳೋ ಬಂದು ದೃಷ್ಟಿ ತಗದು ಹೋಗ್ಯಾಳ" ಎಂದೆ.

"ಆ ಬೋರ್ಡ್ ಓದ್ರಿ. ನನ್ನ ಚಶ್ಮಾ ಕಾರಿನ್ಯಾಗ ಉಳೀತು."

ಅವಳಿಗೆ ಬೋರ್ಡ್ ಓದಿ ಹೇಳುವುದರಲ್ಲಿ ನನ್ನದು ಎತ್ತಿದ ಕೈ. ಡೆಟ್ರಾಯಿಟ್‌ನ ಮೃಗಾಲಯದಲ್ಲಿ, ಹೆಣ್ಣುಮಕ್ಕಳು ಕರೆದರೆ ಹುಲಿ ಹತ್ತಿರ ಬರುತ್ತದೆಂದು ಬರೆದಿದೆ ಎಂದಿದ್ದೆ. ಪಾಪ, ಎರಡು ಸಲ ಕರೆದಳು. ಇಲ್ಲಿಯೂ ಏನಾದರೂ ಸೇರಿಸೋಣವೆಂದು ಬಾಯಿ ತೆರೆದೆ. ಬರೆದದ್ದಷ್ಟೇ ಹೊರಗೆ ಬಂತು. ಇದು ಶತ್ರುವಿನ ಕೈಗೆ ಸಿಕ್ಕ, ಯುದ್ಧದಲ್ಲಿ ಕಾಣೆಯಾದ ಸೈನಿಕರ ಮೇಜು. ನಿಂಬೆ ಅವರ ಪಾಲಿಗೆ ಬಂದ ಕಷ್ಟಕ್ಕೆ. ಉಪ್ಪು ಮನೆಯಲ್ಲಿ ಕಾಯುತ್ತಿರುವವರ ಕಣ್ಣೀರಿಗೆ. ನಮ್ಮ ಜೊತೆ ಕುಡಿಯಲು ಅವರಿಲ್ಲ, ಅದಕ್ಕೆ ಗ್ಲಾಸು ಬೋರಲು. ಅವರು ಇನ್ನೂ ಬಂದಿಲ್ಲ, ಅದಕ್ಕೆ ಕುರ್ಚಿ.

"ಇದರಾಗ ಚಾಷ್ಟಿ ಬ್ಯಾಡ್ರಿ" ಎಂದಳು.

"ಚಾಷ್ಟಿ ಅಲ್ಲ. ಹಂಗ ಬರದಾರ."

"ನಿಮ್ಮನ್ನ ನಂಬಿ ಹುಲಿ ಕರದಾಕಿ ನಾನು. ಕೀ ಕೊಡ್ರಿ."

ಕಾರಿಗೆ ಹೋಗಿ ಚಶ್ಮಾ ತಂದಳು. ಗಾಳಿಯಲ್ಲಿ ಬೆರಳು ಆಡಿಸುತ್ತ ಒಂದೊಂದೇ ಸಾಲು ಓದಿದಳು. ಶೌಚಾಲಯದ ಕಡೆಯಿಂದ ಕೈ ಒಣಗಿಸುವ ಯಂತ್ರದ ಸದ್ದು ಬರುತ್ತಿತ್ತು, ಯಾರೋ ಚಿಪ್ಸ್ ಕೊಳ್ಳುತ್ತಿದ್ದರು. ಆದರೂ ಆ ಮೇಜಿನ ಹತ್ತಿರ ಬಂದವರ ನಡಿಗೆ ತಾನಾಗಿ ನಿಧಾನವಾಗುತ್ತಿತ್ತು. ದಢೂತಿ ಟ್ರಕ್ ಡ್ರೈವರನೊಬ್ಬ ಟೋಪಿ ತೆಗೆದು, ಕುರ್ಚಿಯನ್ನು ನೋಡಿ, ಮತ್ತೆ ಹಾಕಿಕೊಂಡು ಹೋದ. ದೊಡ್ಡ ದೊಡ್ಡ ದೇವಸ್ಥಾನಗಳಲ್ಲೂ ಪಿಸುಗುಟ್ಟಿ ಬೈಸಿಕೊಂಡ ಬಾಯಿ ನನ್ನದು. ಇಲ್ಲಿ ಕೀಟಲೆಯೇ ಹೊಳೆಯಲಿಲ್ಲ.

"ಎಲ್ಲಾ ಬಿಟ್ಟು ಇಲ್ಲಿ ಯಾಕ ಇಟ್ಟಾರ?" ಎಂದು ಮೆಲ್ಲಗೆ ಕೇಳಿದೆ.

"ಎಲ್ಲಾರೂ ಮನೀಗೆ ಹೋಗೋ ದಾರಿ ಅಲ್ಲೇನ್ರಿ ಇದು" ಎಂದಳು.

ಹೊರಗೆ ಬಂದು ಮರದ ಕೆಳಗಿನ ಬೆಂಚಿನಲ್ಲಿ ಕೂತು ಅಣ್ಣನ ಮಗನಿಗೆ ಫೋನ್ ಮಾಡಿದಳು.

"ಗೋಕರ್ಣ ಬ್ಯಾಡಪಾ. ನಾ ಇರೋತನಕ ಅವನ ಕುರ್ಚಿ ಹಂಗ ಇರ್ಲಿ. ನಾ ಹೋದ ಮ್ಯಾಲ ಇಬ್ಬರದೂ ಕೂಡೇ ಮಾಡ್ರಿ."

ಅತ್ತ ಕಡೆಯಿಂದ ಉತ್ತರ ಬಂತು, "ಆತು, ಅತ್ತಿ."

ಅವಳು ಬುತ್ತಿ ಬಿಚ್ಚಿದಳು. ನಾನು ಬೆಂಚಿನ ತುದಿಗೆ ಸರಿದೆ.

"ಯಾಕ ಹಂಗ ತುದೀಗೆ ಕೂತೀರಿ? ಬೀಳ್ತೀರಿ."

"ನನ್ನ ಚಪ್ಪಲಿ ಎಲ್ಲಿಟ್ಟಾನಂತ ಹೇಳ್ಲಿಕ್ಕೆ ಬಂದ್ರ ಅವಂಗೂ ಜಾಗ ಬೇಕಲ್ಲ."

"ಹೇಳಂಗಿಲ್ಲ ಅವ. ಇನ್ನೊಂದನ್ನೂ ಮುಚ್ಚಿಡ್ತಾನ" ಎಂದು ನನ್ನ ಕಾಲಿನತ್ತ ನೋಡಿದಳು.

ನಾನು ಎರಡೂ ಶೂಗಳನ್ನು ಮೆಲ್ಲಗೆ ಬೆಂಚಿನ ಕೆಳಗೆ ಎಳೆದುಕೊಂಡೆ.